ಬೈಕಿನಲ್ಲಿ ಒಯ್ಯುವಂಥ 20 ಮೀಟರ್ ವರ್ಟಿಕಲ್ ಆಂಟೆನಾ: ಮನೆಯಲ್ಲೇ ಮಾಡಿಕೊಳ್ಳಬಹುದಾ?

ಮಂಡ್ಯ_ವಿಯು3

ಎಲ್ಲರಿಗೂ ನಮಸ್ಕಾರ.

ಮಂಡ್ಯದಲ್ಲಿ ಬಾಡಿಗೆ ಮನೆಯಲ್ಲಿದ್ದೇನೆ. ಹ್ಯಾಮ್ (ಹವ್ಯಾಸಿ ರೇಡಿಯೋ) ಲೈಸೆನ್ಸ್ ಈಚೆಗಷ್ಟೇ ಕೈಗೆ ಬಂತು. ತಾರಸಿ ಮೇಲೆ ಒಂದು ಆಂಟೆನಾ ಕಟ್ಟಿಕೊಳ್ಳಲಾ ಅಂತ ಓನರ್ ಹತ್ತಿರ ಕೇಳಿದೆ, ಸುತರಾಂ ಒಪ್ಪಲಿಲ್ಲ. ಹಾಗಾಗಿ ನನ್ನ ರೇಡಿಯೋ ಏನಿದ್ದರೂ ಹೊರಗಡೆಯೇ. ಭಾನುವಾರ ಪಾಂಡವಪುರದ ಕಡೆ ನಮ್ಮ ಊರಿಗೆ ಹೋಗುತ್ತೇನೆ. ಅಲ್ಲಿ ಗದ್ದೆ ಬಯಲು, ನಾಲೆ ಏರಿ, ಜಾಗಕ್ಕೇನೂ ಬರವಿಲ್ಲ.

ಸೆಟ್ ಕ್ಸಿಯೇಗು ಜಿ90, 20 ವ್ಯಾಟ್. 12 ವೋಲ್ಟಿನ ಲಿಥಿಯಂ ಬ್ಯಾಟರಿ ಇದೆ. ಎರಡೂ ಒಂದೇ ಬ್ಯಾಗಿನಲ್ಲಿ ಹಿಡಿಯುತ್ತವೆ. ಈಗ ಬೇಕಿರುವುದು ಬೈಕಿಗೆ ಕಟ್ಟಿಕೊಂಡು ಹೋಗಿ, ಒಬ್ಬನೇ ನಿಲ್ಲಿಸಬಹುದಾದ ಒಂದು ವರ್ಟಿಕಲ್, ಅಂದರೆ ನೆಟ್ಟಗೆ ನಿಲ್ಲುವ ಆಂಟೆನಾ. ಮುಖ್ಯವಾಗಿ 20 ಮೀಟರ್ ಬ್ಯಾಂಡಿಗೆ (14 ಮೆಗಾಹರ್ಟ್ಸ್). ಆದರೆ 40 ಮೀಟರೂ (7 ಮೆಗಾಹರ್ಟ್ಸ್) ಸಿಕ್ಕರೆ ಬಹಳ ಸಂತೋಷ.

ಇಂಟರ್‌ನೆಟ್ಟಿನಲ್ಲಿ ಓದಿದಷ್ಟೂ ಗೊಂದಲ ಜಾಸ್ತಿಯಾಗುತ್ತಿದೆ. ಒಬ್ಬರು ನೆಲಕ್ಕೆ ನಾಲ್ಕು ತಂತಿ ಸಾಕು ಅಂತಾರೆ. ಇನ್ನೊಬ್ಬರು ಅರವತ್ತು ಬೇಕು ಅಂತಾರೆ. ಜಿ90 ಒಳಗೇ ಟ್ಯೂನರ್ ಇರುವುದರಿಂದ ಇದೆಲ್ಲ ತಲೆ ಕೆಡಿಸಿಕೊಳ್ಳಬೇಕಾ ಅನ್ನುವುದೂ ನನ್ನ ಪ್ರಶ್ನೆ.

ಕೈಯಲ್ಲಿ ಇರುವ ಸಾಮಾನು: ಆಫೀಸಿನಲ್ಲಿ ವೈರಿಂಗ್ ಮಾಡಿ ಉಳಿದ ಲ್ಯಾನ್ ಕೇಬಲ್, ಟಿವಿ ಕೇಬಲ್ ಒಂದು ಸುರುಳಿ, ಮತ್ತು ನಮ್ಮ ಚಿಕ್ಕಪ್ಪನ ತೆಂಗಿನಕಾಯಿ ಕೀಳುವ ದೋಟಿ. ಇದರಲ್ಲಿ ಯಾವುದು ಕೆಲಸಕ್ಕೆ ಬರುತ್ತದೆ? ಕೆಆರ್‌ಎಸ್ ಹಿನ್ನೀರಿನ ದಡದಲ್ಲಿ ನಿಲ್ಲಿಸಿದರೆ ನೀರಿನಿಂದ ಸಿಗ್ನಲ್ ಚೆನ್ನಾಗಿ ಹೋಗುತ್ತದೆ ಅಂತಲೂ ಒಬ್ಬರು ಹೇಳಿದರು. ನಿಜವಾ?

ಶ್ರೀರಂಗಪಟ್ಟಣ_ತಂತಿ

ವರ್ಟಿಕಲ್ ಯಾಕೆ? ಊರಲ್ಲಿ ಮಾವಿನ ಮರ ಇದ್ದೇ ಇರುತ್ತದೆ. ಕಲ್ಲಿಗೆ ದಾರ ಕಟ್ಟಿ ಕೊಂಬೆ ಮೇಲಿಂದ ಎಸೆಯಿರಿ, 10 ಮೀಟರಿನ ಎರಡು ತಂತಿಯನ್ನು ತಲೆಕೆಳಗಾದ ವಿ ಥರ ಕಟ್ಟಿ. 40 ಮೀಟರಿನಲ್ಲಿ ಬೆಂಗಳೂರು, ಹುಬ್ಬಳ್ಳಿ, ಚೆನ್ನೈ ಎಲ್ಲ ಬರುತ್ತದೆ. ನಾನು ಅದನ್ನೇ ಮಾಡುವುದು.

ಸರಸ್ವತಿಪುರಂ_ಹಳೇವಿಯು2

ಓನರ್ ಬೇಡ ಅಂದರೆಂದು ಬೇಸರ ಮಾಡಿಕೊಳ್ಳಬೇಡಿ. ಮನೆಯೊಳಗೆ ರೇಡಿಯೋ ಇಟ್ಟುಕೊಳ್ಳುವುದು ನಮ್ಮ ಕಡೆಗೆ ಹೊಸತಲ್ಲ. ಮಹಾರಾಜ ಕಾಲೇಜಿನ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ ಅವರು 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲೇ ರೇಡಿಯೋ ನಿಲಯ ಶುರು ಮಾಡಿದರು. ಅದಕ್ಕೇ ಆಕಾಶವಾಣಿ ಅಂತ ಹೆಸರು ಬಂದದ್ದು. ನಿಮ್ಮ ಓನರ್‌ಗೂ ಒಂದು ದಿನ ಇದನ್ನು ಹೇಳಿ ನೋಡಿ. ಅಲ್ಲಿಯವರೆಗೆ ಗದ್ದೆ ಬಯಲು ಇದ್ದೇ ಇದೆ. ಅಲ್ಲಿ ಊರೊಳಗಿನ ಗಿರಗಿರ ಸದ್ದು ಇರುವುದಿಲ್ಲ, ಅದೊಂದೇ ದೊಡ್ಡ ಲಾಭ.

ಮೊದಲು ಒಂದು ಮಾತು. ಯಾರ ಜೊತೆ ಮಾತಾಡಬೇಕು ಅಂತ ತೀರ್ಮಾನ ಮಾಡಿಕೊಳ್ಳಿ. ಮೇಲೆ ಮಾವಿನ ಮರ ಅಂದವರು ಹೇಳಿದ್ದು ಸರಿಯಾಗಿಯೇ ಇದೆ. ಹಗಲು ಹೊತ್ತು 40 ಮೀಟರಿನಲ್ಲಿ ಮುನ್ನೂರು ನಾನೂರು ಕಿಲೋಮೀಟರ್ ಒಳಗಿನವರು ಬೇಕಾದರೆ, ಸಿಗ್ನಲ್ ನೆಟ್ಟಗೆ ಮೇಲಕ್ಕೆ ಹೋಗಿ ವಾಪಸ್ ಬೀಳಬೇಕು. ವರ್ಟಿಕಲ್ ಮೇಲಕ್ಕೆ ಏನನ್ನೂ ಕಳಿಸುವುದಿಲ್ಲ. ತಲೆ ಮೇಲಿನ ಆಕಾಶ ಅದಕ್ಕೆ ಕುರುಡು. ಅಂಥ ಕಡೆ 6–7 ಮೀಟರ್ ಎತ್ತರದ ತಲೆಕೆಳಗಿನ ವಿ ಸುಲಭವಾಗಿ ಗೆಲ್ಲುತ್ತದೆ. ಆದರೆ 20 ಮೀಟರಿನಲ್ಲಿ ದೆಹಲಿ, ಕೊಲ್ಲಿ ದೇಶಗಳು, ಸಂಜೆ ಯುರೋಪು ಬೇಕು ಅಂದರೆ ಸಿಗ್ನಲ್ ನೆಲಕ್ಕೆ ಸಮೀಪದ ಕೋನದಲ್ಲಿ ಹೊರಡಬೇಕು. ಅದಕ್ಕೆ ವರ್ಟಿಕಲ್ಲೇ ಸರಿ. ಆಗ ಬೆಂಗಳೂರಿನವರು ಕೇಳಿಸದೇ ಇದ್ದರೆ ಆಂಟೆನಾ ಕೆಟ್ಟಿದೆ ಅಂದುಕೊಳ್ಳಬೇಡಿ. ಆ ಬ್ಯಾಂಡಿನಲ್ಲಿ ಅಷ್ಟು ಹತ್ತಿರದವರ ತಲೆ ಮೇಲಿಂದ ಹಾರಿಹೋಗುವುದೇ ಅದರ ಸ್ವಭಾವ.

ಇನ್ನು ಅಳತೆ. ಮೇಲಿನ ತಂತಿ ಕಾಲು ತರಂಗದಷ್ಟು ಇರಬೇಕು. ಆ ಉದ್ದ ಬೇಕಾದರೆ 71.5 ಅನ್ನು ಮೆಗಾಹರ್ಟ್ಸಿನಿಂದ ಭಾಗಿಸಿ. 14.15ಕ್ಕೆ 5.05 ಮೀಟರ್ ಬರುತ್ತದೆ. ವೈರಿನ ಮೇಲೆ ಪ್ಲಾಸ್ಟಿಕ್ ಹೊದಿಕೆ ಇದ್ದರೆ ಇನ್ನೂ ಸ್ವಲ್ಪ ಚಿಕ್ಕದಾಗುತ್ತದೆ. ಆದರೂ 5.25 ಮೀಟರ್ ಕತ್ತರಿಸಿ. ಉದ್ದ ಕಡಿಮೆ ಮಾಡಬೇಕಾದಾಗ ಕತ್ತರಿ ಹಾಕಬೇಡಿ, ತುದಿಯನ್ನು ಮಡಚಿ ಅದೇ ತಂತಿಗೆ ಬಿಗಿಯಾಗಿ ಸುತ್ತಿಬಿಡಿ. ಬೇರೆ ಜಾಗದಲ್ಲಿ ನೆಲ ಬದಲಾದಾಗ ಬಿಚ್ಚಿ ಉದ್ದ ಮಾಡಿಕೊಳ್ಳಬಹುದು.

ನಿಲ್ಲಿಸುವ ಕೋಲಿನ ಬಗ್ಗೆ ಜನ ಬಹಳ ಯೋಚನೆ ಮಾಡುತ್ತಾರೆ. ನನ್ನ ಪ್ರಕಾರ ಅದು ಎರಡನೇ ವಿಷಯ. ಫೈಬರ್ ಗ್ಲಾಸಿನ ಮೀನು ಹಿಡಿಯುವ ಗಾಳದ ಕೋಲು ಆಗುತ್ತದೆ. ಮೈಸೂರಿನ ಬಂಬೂ ಬಜಾರಿನಿಂದ ತಂದ ಒಣ ಬಿದಿರು ಗಳವೂ ಆಗುತ್ತದೆ. ಬೈಕಿನಲ್ಲಿ ಒಯ್ಯಬೇಕಾದ್ದರಿಂದ ಗಳವನ್ನು ಮೂರು ತುಂಡು ಮಾಡಿ, ಸೇರುವ ಕಡೆ ಪಿವಿಸಿ ಪೈಪಿನ ತುಂಡು ತೂರಿಸಿಕೊಳ್ಳಿ. ತಂತಿಯನ್ನು ಅಲ್ಲಲ್ಲಿ ಹಳೇ ಸೈಕಲ್ ಟ್ಯೂಬಿನ ಪಟ್ಟಿಯಿಂದ ಬಿಗಿದರೆ ಸಾಕು. ಎರಡಡಿ ಕಬ್ಬಿಣದ ಸರಳನ್ನು ನೆಲಕ್ಕೆ ಹೊಡೆದು, ಕೋಲನ್ನು ಅದಕ್ಕೆ ಕಟ್ಟಿ, ಮೂರು ಕಡೆ ನೈಲಾನ್ ಹಗ್ಗ ಎಳೆದು ಗೂಟಕ್ಕೆ ಹಾಕಿ. ಒಬ್ಬರೇ ಮಾಡುವ ಕೆಲಸ.

ಈಗ ನಿಜವಾದ ವಿಷಯಕ್ಕೆ ಬರುತ್ತೇನೆ: ನೆಲದ ತಂತಿಗಳು, ಅಂದರೆ ರೇಡಿಯಲ್‌ಗಳು.

ವರ್ಟಿಕಲ್ ಅನ್ನುವುದು ಅರ್ಧ ಆಂಟೆನಾ. ಇನ್ನರ್ಧ ನೆಲದಲ್ಲಿದೆ. ಮೇಲಿನ ತಂತಿಗೆ ಎಷ್ಟು ಕರೆಂಟ್ ಹೋಗುತ್ತದೋ ಅಷ್ಟೇ ಕರೆಂಟ್ ನೆಲದ ಕಡೆಯಿಂದ ಫೀಡ್ ಪಾಯಿಂಟಿಗೆ (ಕೇಬಲ್ ಬಂದು ಸೇರುವ ಜಾಗಕ್ಕೆ) ವಾಪಸ್ ಬರಬೇಕು. ಅದು ತಾಮ್ರದಲ್ಲಿ ಬಂದರೆ ನಷ್ಟವಿಲ್ಲ. ಮಣ್ಣಿನಲ್ಲಿ ಬಂದರೆ ಮಣ್ಣು ಬಿಸಿಯಾಗುವುದಕ್ಕೆ ನಿಮ್ಮ ವ್ಯಾಟು ಖರ್ಚಾಗುತ್ತದೆ. ನಾಲೆ ನೀರು ಕೊನೇ ಗದ್ದೆಗೆ ಬರುವಷ್ಟರಲ್ಲಿ ದಾರಿಯಲ್ಲೇ ಇಂಗಿಹೋದ ಹಾಗೆ. ಮಂಡ್ಯದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹಾಗಾಗಿ ದುಡ್ಡು, ತಂತಿ, ಸಮಯ ಏನಿದ್ದರೂ ಕೋಲಿಗೆ ಹಾಕಬೇಡಿ, ನೆಲಕ್ಕೆ ಹಾಕಿ. ಇದೊಂದು ಮಾತು ನೆನಪಿದ್ದರೆ ಸಾಕು, ಉಳಿದದ್ದು ತಾನಾಗಿ ಬರುತ್ತದೆ.

ನಿಮ್ಮ ಹತ್ತಿರ ಇರುವ ಲ್ಯಾನ್ ಕೇಬಲ್ ಇದಕ್ಕೆ ಹೇಳಿ ಮಾಡಿಸಿದ್ದು. ಒಂದು ಕೇಬಲ್ ಒಳಗೆ ನಾಲ್ಕು ಜೋಡಿ, ಅಂದರೆ ಎಂಟು ತಂತಿ. 5 ಮೀಟರಿನ ಎರಡು ತುಂಡು ತೆಗೆದುಕೊಂಡರೆ ಹದಿನಾರು ರೇಡಿಯಲ್ ಸಿಕ್ಕಿತು. ಕೇಬಲ್ ಒಳಗೆ ಸಣ್ಣ ನೂಲು ಇರುತ್ತದಲ್ಲ, ಅದನ್ನು ಹಿಡಿದು ಹಿಂದಕ್ಕೆ ಎಳೆದರೆ ಮೇಲಿನ ಹೊದಿಕೆ ಉದ್ದಕ್ಕೂ ಸೀಳಿಕೊಂಡು ಬರುತ್ತದೆ. ಜೋಡಿಗಳ ಹೊಸೆತ ಬಿಚ್ಚಲು ಒಂದು ತುದಿಯನ್ನು ಬಾಗಿಲ ಚಿಲಕಕ್ಕೆ ಕಟ್ಟಿ, ಇನ್ನೊಂದು ತುದಿಯಿಂದ ಒಂದೊಂದೇ ಎಳೆ ಬೇರ್ಪಡಿಸುತ್ತಾ ಬನ್ನಿ. ಶುರು ಮಾಡುವ ಮೊದಲು ತುದಿಯನ್ನು ಬ್ಲೇಡಿನಿಂದ ಕೆರೆದು ನೋಡಿ. ಒಳಗೂ ಕೆಂಪಾಗಿದ್ದರೆ ತಾಮ್ರ. ಬೆಳ್ಳಗೆ ಕಂಡರೆ ತಾಮ್ರದ ನೀರು ಕುಡಿಸಿದ ಅಲ್ಯುಮಿನಿಯಂ. ಅದಕ್ಕೆ ಸೋಲ್ಡರ್ ಸರಿಯಾಗಿ ಹಿಡಿಯುವುದಿಲ್ಲ, ಎರಡು ಸಲ ಮಡಚಿದರೆ ಮುರಿಯುತ್ತದೆ. ಅಂಥದ್ದಾದರೆ ಬಿಟ್ಟುಬಿಡಿ. ಮನೆ ವೈರಿಂಗಿನ 1 ಸ್ಕ್ವೇರ್ ಎಂಎಂ ವೈರು 90 ಮೀಟರಿನ ಸುರುಳಿಯಲ್ಲಿ ಬರುತ್ತದೆ. ಒಂದೇ ಸುರುಳಿಯಲ್ಲಿ ಮೇಲಿನ ತಂತಿ, ಹದಿನಾರು ರೇಡಿಯಲ್ ಎರಡೂ ಆಗುತ್ತದೆ.

ನಾಲ್ಕು ನಾಲ್ಕು ತಂತಿಯನ್ನು ಒಟ್ಟು ಮಾಡಿ ಒಂದೊಂದು ರಿಂಗ್ ಲಗ್‌ಗೆ ಸೋಲ್ಡರ್ ಮಾಡಿ. ಆಗ ಹದಿನಾರಕ್ಕೆ ನಾಲ್ಕೇ ಲಗ್. ಸೋಲ್ಡರ್ ಆದ ಮೇಲೆ ಹೀಟ್ ಶ್ರಿಂಕ್ ಹಾಕುವುದನ್ನು ಮರೆಯಬೇಡಿ, ತಂತಿ ಮುರಿಯುವುದು ಯಾವಾಗಲೂ ಸೋಲ್ಡರ್ ಮುಗಿಯುವ ಜಾಗದಲ್ಲೇ. ಬುಡಕ್ಕೆ ಒಂದು ಸಣ್ಣ ಅಲ್ಯುಮಿನಿಯಂ ತಗಡು, ಅದರ ನಡುವೆ ಕೇಬಲ್ ಸಿಕ್ಕಿಸುವ ಎಸ್‌ಒ 239 ಸಾಕೆಟ್, ನಾಲ್ಕು ಮೂಲೆಗೆ ನಾಲ್ಕು ಬೋಲ್ಟು, ಮೇಲೆ ರೆಕ್ಕೆ ನಟ್ಟು. ಸಾಮಾನೆಲ್ಲ ಸಂತೆಪೇಟೆಯ ಹಾರ್ಡ್‌ವೇರ್ ಅಂಗಡಿಗಳಲ್ಲಿ ಸಿಗುತ್ತದೆ. ಸ್ಟೇನ್‌ಲೆಸ್ ಬೋಲ್ಟೇ ಕೇಳಿ. ಮಡಚಿಡುವಾಗ ಒಂದೊಂದು ಕಟ್ಟನ್ನೂ ಹೆಬ್ಬೆರಳಿಗೂ ಕಿರುಬೆರಳಿಗೂ ಎಂಟರ ಆಕಾರದಲ್ಲಿ ಸುತ್ತಿ, ನಡುವೆ ರಬ್ಬರ್ ಬ್ಯಾಂಡ್ ಹಾಕಿ. ಉಂಗುರದ ಥರ ಸುತ್ತಿದರೆ ಮುಂದಿನ ಸಲ ಬಿಡಿಸುವುದರಲ್ಲೇ ಅರ್ಧ ಬೆಳಗ್ಗೆ ಹೋಗುತ್ತದೆ.

ನೆಲದ ಮೇಲೆ ಹಾಸುವ ರೇಡಿಯಲ್ ಉದ್ದ ಕರಾರುವಾಕ್ಕಾಗಿ ಇರಬೇಕಿಲ್ಲ. ಮಣ್ಣಿಗೆ ತಾಗಿದ ಮೇಲೆ ತಂತಿಯ ಲೆಕ್ಕವೇ ಬೇರೆ. 4 ಮೀಟರ್ ಇದ್ದರೂ ನಡೆಯುತ್ತದೆ. ನಾಲ್ಕು ಉದ್ದ ತಂತಿಗಿಂತ ಹದಿನಾರು ಗಿಡ್ಡ ತಂತಿ ಮೇಲು. ಅರವತ್ತು ಅಂದವರದೂ ಸುಳ್ಳಲ್ಲ, ಆದರೆ ಅದು ಒಂದೇ ಕಡೆ ಕಾಯಂ ಇರುವ ಆಂಟೆನಾಕ್ಕೆ. ಹದಿನಾರರ ನಂತರ ಒಂದೊಂದು ತಂತಿಗೆ ಸಿಗುವ ಲಾಭ ಬಹಳ ಕಡಿಮೆ. ಬೈಕಿನವರಿಗೆ ಹದಿನಾರು ಒಳ್ಳೆಯ ಸಂಖ್ಯೆ.

ಟ್ಯೂನರ್ ವಿಷಯ. ಅದು ರೇಡಿಯೋ ಒಳಗೆ ಕೂತಿದೆ. ರೇಡಿಯೋಗೆ 50 ಓಮ್ ಕಾಣಿಸುವ ಹಾಗೆ ಮಾಡುತ್ತದೆ, ಅಷ್ಟೇ. ಮಣ್ಣಿನಲ್ಲಿ ಹೋಗುವ ಪವರನ್ನು ಅದು ಉಳಿಸಲಾರದು.

ಟಿವಿ ಕೇಬಲ್: ಆರ್‌ಜಿ 6 ಅಂದರೆ 75 ಓಮ್. ಎಸೆಯಬೇಡಿ. ಕೇಬಲಿನ ಉದ್ದ ವಿದ್ಯುತ್ ಲೆಕ್ಕದಲ್ಲಿ ಸರಿಯಾಗಿ ಅರ್ಧ ತರಂಗ ಇದ್ದರೆ, ಆ ತುದಿಯಲ್ಲಿ ಇದ್ದದ್ದೇ ಈ ತುದಿಯಲ್ಲೂ ಕಾಣುತ್ತದೆ, 75 ಓಮ್ ಅಡ್ಡ ಬರುವುದಿಲ್ಲ. ಫೋಮ್ ಇರುವ ಆರ್‌ಜಿ 6ಕ್ಕೆ 20 ಮೀಟರ್ ಬ್ಯಾಂಡಿನಲ್ಲಿ ಆ ಉದ್ದ ಸುಮಾರು 8.7 ಮೀಟರ್. ಆದರೆ ಅದರ ಹೊರಜಾಲರಿ ಸಾಮಾನ್ಯವಾಗಿ ಅಲ್ಯುಮಿನಿಯಂ, ಸೋಲ್ಡರ್ ಆಗುವುದಿಲ್ಲ. ಎಫ್ ಕನೆಕ್ಟರ್ ಹಾಕಿ ಅಡಾಪ್ಟರ್ ಬಳಸಬೇಕು. ಕೈಯಲ್ಲಿ ದುಡ್ಡಿದ್ದಾಗ 50 ಓಮಿನ ಕೇಬಲ್, 10 ಮೀಟರ್ ಆರ್‌ಜಿ 58 ತೆಗೆದುಕೊಳ್ಳಿ.

ಬುಡದಲ್ಲಿ ಒಂದು ಚೋಕ್ (ಕೇಬಲಿನ ಹೊರಮೈಯಲ್ಲಿ ಕರೆಂಟ್ ಹರಿಯದಂತೆ ತಡೆಯುವ ಸುರುಳಿ) ಹಾಕಲೇಬೇಕು. ಎಫ್‌ಟಿ 240-43 ಟೊರಾಯ್ಡಿಗೆ (ಫೆರೈಟ್ ಬಳೆಗೆ) ಕೋಆಕ್ಸನ್ನು, ಅಂದರೆ ಈ ಕೇಬಲನ್ನು, ಹತ್ತು ಹನ್ನೆರಡು ಸುತ್ತು ಹಾಕಿದರೆ ಆಯಿತು. ಇಲ್ಲದಿದ್ದರೆ ಕೋಆಕ್ಸಿನ ಹೊರಮೈಯೂ ಒಂದು ರೇಡಿಯಲ್ ಆಗಿಬಿಡುತ್ತದೆ. ಪರೀಕ್ಷೆ ಸುಲಭ. ಕೋಆಕ್ಸನ್ನು ಕೈಯಲ್ಲಿ ಹಿಡಿದು ಉದ್ದಕ್ಕೂ ಸವರಿ. ಎಸ್‌ಡಬ್ಲ್ಯುಆರ್ (ಆಂಟೆನಾದಿಂದ ಎಷ್ಟು ಪವರ್ ವಾಪಸ್ ಬರುತ್ತಿದೆ ಅನ್ನುವ ಅಳತೆ, 1 ಇದ್ದರೆ ಏನೂ ಬರುತ್ತಿಲ್ಲ) ಅಲ್ಲಾಡಿದರೆ ಚೋಕ್ ಸಾಲದು.

ಹಿನ್ನೀರಿನ ಮಾತು ಸಮುದ್ರಕ್ಕೆ ನಿಜ, ಕೆಆರ್‌ಎಸ್‌ಗೆ ಅಲ್ಲ. ಉಪ್ಪುನೀರಿನಲ್ಲಿ ಕರೆಂಟ್ ಚೆನ್ನಾಗಿ ಹರಿಯುತ್ತದೆ. ಕಾವೇರಿಯ ಸಿಹಿನೀರು ಆ ವಿಷಯದಲ್ಲಿ ಒಳ್ಳೆಯ ಗದ್ದೆ ಮಣ್ಣಿಗಿಂತ ಹೆಚ್ಚೇನೂ ಅಲ್ಲ. ದಡ ವಿಶಾಲವಾಗಿ ತೆರೆದಿರುತ್ತದೆ, ಅಡ್ಡ ಏನೂ ಇರುವುದಿಲ್ಲ, ಆ ಲಾಭ ಇದೆ. ರೇಡಿಯಲ್ ಅಲ್ಲೂ ಹಾಸಬೇಕು.

73 (ಹ್ಯಾಮ್ ಭಾಷೆಯಲ್ಲಿ ಶುಭಾಶಯ).

ಬೋಗಾದಿ_ಮಹಡಿ

ಸರ್ ಹೇಳಿದ್ದನ್ನು ಪೂರ್ತಿ ಒಪ್ಪುತ್ತೇನೆ. ಇನ್ನೊಂದು ದಾರಿಯೂ ಇದೆ, ಅದನ್ನು ಸೇರಿಸುತ್ತೇನೆ. ನಾನು ತಾರಸಿಯಲ್ಲಿ ಅದನ್ನೇ ಬಳಸುತ್ತಿರುವುದು.

ಬುಡವನ್ನೇ ನೆಲದಿಂದ ಎರಡು ಮೂರು ಮೀಟರ್ ಮೇಲಕ್ಕೆ ಎತ್ತಿದರೆ ರೇಡಿಯಲ್ ಹದಿನಾರು ಬೇಡ, ನಾಲ್ಕು ಸಾಕು. ಎದುರುಬದುರು ಎರಡಿದ್ದರೂ ನಡೆಯುತ್ತದೆ. ಆದರೆ ಆಗ ಉದ್ದ ಸರಿಯಾಗಿ ಕಾಲು ತರಂಗವೇ ಇರಬೇಕು, ಇಲ್ಲಿ ಹೆಚ್ಚುಕಡಿಮೆ ನಡೆಯುವುದಿಲ್ಲ. ತಂತಿಗಳನ್ನು ಕೊಡೆಯ ಕಡ್ಡಿಗಳಂತೆ ಕೆಳಗೆ ಇಳಿಸಿ ಕಟ್ಟಿದರೆ ಇಂಪೀಡೆನ್ಸ್ (ರೇಡಿಯೋಗೆ ಕಾಣುವ ಓಮ್) ತಾನಾಗಿ 50 ಓಮ್ ಹತ್ತಿರ ಬರುತ್ತದೆ. ತಾರಸಿಗೆ ಇದು ತುಂಬಾ ಹೊಂದುತ್ತದೆ, ಯಾಕೆಂದರೆ ಕಾಂಕ್ರೀಟ್ ಮೇಲೆ ತಂತಿ ಹಾಸಿದರೆ ಮನೆಯವರು ಬಟ್ಟೆ ಒಣಹಾಕಲು ಬಂದಾಗ ಎಡವುತ್ತಾರೆ.

ನಾಲೆ ಏರಿಗೆ ಮಾತ್ರ ನಾನು ಇದನ್ನು ಹೇಳುವುದಿಲ್ಲ. ದನ, ಎಮ್ಮೆ, ಸ್ಕೂಲ್ ಮಕ್ಕಳು ಓಡಾಡುವ ಜಾಗ. ಎದೆಯೆತ್ತರದಲ್ಲಿ ಸಣ್ಣ ತಂತಿ ಕಾಣುವುದೇ ಇಲ್ಲ. ಜೊತೆಗೆ ರೇಡಿಯಲ್ ತುದಿಯಲ್ಲಿ ವೋಲ್ಟೇಜ್ ಜಾಸ್ತಿ ಇರುತ್ತದೆ. ನೀವು ಮಾತಾಡುತ್ತಿರುವಾಗ ಯಾರಾದರೂ ಮುಟ್ಟಿದರೆ ಬೆರಳು ಚುರ್ ಅನ್ನುತ್ತದೆ. ಅಲ್ಲಿ ನೆಲದ ಮೇಲಿನ ಹದಿನಾರೇ ಸರಿ. ಒಂದೊಂದು ತಂತಿಯ ತುದಿಗೂ ಬಣ್ಣದ ಬಟ್ಟೆ ಚೂರು ಕಟ್ಟಿ. ಮಡಚಿಡುವಾಗ ಹುಲ್ಲಿನಲ್ಲಿ ಹುಡುಕುವುದೂ ತಪ್ಪುತ್ತದೆ.

ಮದ್ದೂರು_ತೋಟ

ದೋಟಿ ಬಗ್ಗೆ ಯಾರೂ ಹೇಳಲಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ಮೊದಲು ಚಿಕ್ಕಪ್ಪನ ದೋಟಿ ಯಾವುದರದ್ದು ಅಂತ ನೋಡಿ. ಈಗ ಅಡಿಕೆ ತೋಟಗಳಲ್ಲಿ ಓಡಾಡುತ್ತಿರುವ ಹಗುರದ ಕಪ್ಪು ದೋಟಿ ಕಾರ್ಬನ್ ಫೈಬರಿನದು. ಅದರಲ್ಲಿ ಕರೆಂಟ್ ಹರಿಯುತ್ತದೆ. ಅದಕ್ಕೆ ಒತ್ತಿಕೊಂಡು ಆಂಟೆನಾ ತಂತಿ ಕಟ್ಟಿದರೆ ಟ್ಯೂನಿಂಗ್ ಎಲ್ಲೆಲ್ಲಿಗೋ ಹೋಗುತ್ತದೆ. ಕೋಲಾಗಿ ಬಳಸಬೇಡಿ. ಫೈಬರ್ ಗ್ಲಾಸ್ ದೋಟಿ ಆದರೆ ಬಹಳ ಚೆನ್ನಾಗಿದೆ. ಅಲ್ಯುಮಿನಿಯಂ ದೋಟಿ ಆದರೆ ತಂತಿಯೇ ಬೇಡ, ಅದನ್ನೇ 5 ಮೀಟರಿಗೆ ಎಳೆದು ಆಂಟೆನಾ ಮಾಡಬಹುದು. ಬುಡವನ್ನು ದಪ್ಪ ಪಿವಿಸಿ ಪೈಪಿನೊಳಗೆ ಕೂರಿಸಿ ನೆಲದಿಂದ ಬೇರೆ ಇಡಬೇಕು. ಒಂದು ಕೊಳವೆ ಇನ್ನೊಂದರೊಳಗೆ ಜಾರುವ ಕಡೆ ಅಲ್ಯುಮಿನಿಯಂ ಮಂಕಾಗಿ ಸಂಪರ್ಕ ಕೆಡುತ್ತದೆ. ಪ್ರತಿ ಸಲ ಉಪ್ಪುಕಾಗದದಿಂದ ಉಜ್ಜಿ, ಹೋಸ್ ಕ್ಲಿಪ್ ಬಿಗಿಯಿರಿ.

ಇದಕ್ಕಿಂತ ದೊಡ್ಡ ಮಾತು ಕರೆಂಟ್ ಲೈನಿನದು. ಅಲ್ಯುಮಿನಿಯಂ ದೋಟಿ ಲೈನಿಗೆ ತಾಗಿ ಜನ ಸತ್ತಿರುವುದು ತೋಟದವರಿಗೆಲ್ಲ ಗೊತ್ತು. ನಮ್ಮ ಕಡೆ ಗದ್ದೆ ಮೇಲೆ ಪಂಪ್‌ಸೆಟ್ಟಿನ ಲೈನು, 11 ಕೆವಿ ಲೈನು ಜೋಲುಬಿದ್ದಿರುತ್ತವೆ. ಕೋಲು ಎತ್ತುವ ಮೊದಲು ಸುತ್ತ ಒಮ್ಮೆ ತಲೆಯೆತ್ತಿ ನೋಡಿ. ಕೋಲು ಯಾವ ಕಡೆ ಬಿದ್ದರೂ ಲೈನಿಗೆ ತಾಗಬಾರದು. ನಾನಂತೂ ಕೋಲಿನ ಎತ್ತರದ ಎರಡರಷ್ಟಕ್ಕಿಂತ ಹತ್ತಿರ ಲೈನಿದ್ದರೆ ಆ ಜಾಗ ಬಿಟ್ಟು ಮುಂದೆ ಹೋಗುತ್ತೇನೆ. ಏಪ್ರಿಲ್, ಮೇನಲ್ಲಿ ಮಧ್ಯಾಹ್ನದ ಮೇಲೆ ಮೋಡ ಕಟ್ಟಿದರೆ ಮಾತು ಅರ್ಧಕ್ಕೆ ನಿಲ್ಲಿಸಿ ಕೋಲು ಇಳಿಸಿಬಿಡಿ. ಬಯಲಿನಲ್ಲಿ ಎಲ್ಲಕ್ಕಿಂತ ಎತ್ತರದ ವಸ್ತು ನಿಮ್ಮ ಆಂಟೆನಾ.

ಮಂಡ್ಯ_ವಿಯು3

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಚಿಕ್ಕಪ್ಪನ ದೋಟಿ ಫೈಬರ್ ಗ್ಲಾಸಿನದೇ, ಕೊಡುತ್ತೇನೆ ಅಂದರು. ಲ್ಯಾನ್ ಕೇಬಲ್ ಕೆರೆದು ನೋಡಿದೆ, ಅಪ್ಪಟ ತಾಮ್ರ. ಸರ್ ಹೇಳಿದ ಹಾಗೇ ನಾಲ್ಕು ಕಟ್ಟು ಮಾಡಿದೆ. ಲೈನ್ ಇಲ್ಲದ ಜಾಗ ನೋಡಿ, ಕಬ್ಬು ಕಟಾವಾದ ಗದ್ದೆಯಲ್ಲಿ ನಿಲ್ಲಿಸಿದೆ. ಆಂಟೆನಾ ಅಳೆಯಲು ಆಫೀಸಿನ ಗೆಳೆಯರೊಬ್ಬರ ಉಪಕರಣ, ನ್ಯಾನೋ ವಿಎನ್‌ಎ ತಂದಿದ್ದೆ.

ಈಗ ಒಂದು ವಿಚಿತ್ರ. ಪ್ರತಿ ಸಲ ಮೇಲಿನ ತಂತಿಯ ಉದ್ದ ಸರಿಮಾಡಿ 14.15ಕ್ಕೆ ತಂದು ಓದಿದ್ದು ಇದು. ಮೊದಲ ಕಟ್ಟು, ಅಂದರೆ ನಾಲ್ಕು ರೇಡಿಯಲ್ ಇದ್ದಾಗ 58 ಓಮ್, ಎಸ್‌ಡಬ್ಲ್ಯುಆರ್ 1.16. ಎಂಟು ಹಾಸಿದಾಗ 49 ಓಮ್, ಎಸ್‌ಡಬ್ಲ್ಯುಆರ್ 1.02. ಪೂರ್ತಿ ಹದಿನಾರು ಹಾಸಿದಾಗ 42 ಓಮ್, ಎಸ್‌ಡಬ್ಲ್ಯುಆರ್ 1.2! ತಂತಿ ಜಾಸ್ತಿ ಮಾಡಿದರೆ ಎಸ್‌ಡಬ್ಲ್ಯುಆರ್ ಕೆಡುತ್ತಿದೆ. ಎಂಟಕ್ಕೇ ನಿಲ್ಲಿಸಲಾ?

ಹದಿನಾರರಲ್ಲೇ ಸಂಜೆ ಕೇಳಿದೆ. ಕೊಲ್ಲಿ ಕಡೆಯವರು, ಇಟಲಿಯವರು ಸ್ಪಷ್ಟವಾಗಿ ಬಂದರು. ಇಟಲಿಯ ಒಬ್ಬರು ಉತ್ತರ ಕೊಟ್ಟು ರಿಪೋರ್ಟನ್ನೂ ಕೊಟ್ಟರು. ಕೈ ನಡುಗುತ್ತಿತ್ತು, ಲಾಗ್ ಪುಸ್ತಕದಲ್ಲಿ ನನ್ನ ಅಕ್ಷರ ನನಗೇ ಓದಲು ಆಗುತ್ತಿಲ್ಲ.

ಇನ್ನೊಂದು. 40 ಮೀಟರಿಗೆ ಇದೇ ದೋಟಿಯಲ್ಲಿ ಏನಾದರೂ ಮಾಡಬಹುದಾ?

ಸರಸ್ವತಿಪುರಂ_ಹಳೇವಿಯು2

ಇಟಲಿ! ಓದಿ ಬಹಳ ಸಂತೋಷವಾಯಿತು. ಆ ಲಾಗ್ ಪುಟವನ್ನು ಹಾಗೇ ಇಟ್ಟುಕೊಳ್ಳಿ.

ಹದಿನಾರನ್ನೂ ಬಿಡಬೇಡಿ. ನಿಮ್ಮ ಅಂಕಿಗಳು ಬಹಳ ಅಚ್ಚುಕಟ್ಟಾಗಿವೆ, ಅವುಗಳಲ್ಲೇ ಉತ್ತರ ಇದೆ.

ಒಳ್ಳೆಯ ನೆಲದ ಮೇಲೆ ಕಾಲು ತರಂಗದ ವರ್ಟಿಕಲ್ ಸುಮಾರು 36 ಓಮ್ ತೋರಿಸಬೇಕು. ಆ 36 ಓಮಿನಲ್ಲಿ ಹೋದ ಪವರ್ ಆಕಾಶಕ್ಕೆ ಹೋಗುತ್ತದೆ. ಅದಕ್ಕಿಂತ ಮೇಲೆ ಕಾಣುವುದೆಲ್ಲ, ಹೆಚ್ಚು ಕಡಿಮೆ, ಮಣ್ಣಿನ ಪಾಲು. ನಾಲ್ಕು ತಂತಿ ಇದ್ದಾಗ 58ರಲ್ಲಿ 36, ಅಂದರೆ ನೂರಕ್ಕೆ 62 ಆಕಾಶಕ್ಕೆ. ಎಂಟರಲ್ಲಿ 73. ಹದಿನಾರರಲ್ಲಿ 86. ನಿಮ್ಮ 20 ವ್ಯಾಟಿನಲ್ಲಿ ಮೊದಲು 12.4 ಹೊರಡುತ್ತಿತ್ತು, ಈಗ 17 ಹೊರಡುತ್ತಿದೆ. 1.2 ಎಸ್‌ಡಬ್ಲ್ಯುಆರ್‌ನಿಂದ ವಾಪಸ್ ಬರುವ ಪವರ್ ನೂರಕ್ಕೆ ಒಂದೂ ಇಲ್ಲ. ಎಂಟರಲ್ಲಿ 1.02 ಬಂದದ್ದು ಮಣ್ಣಿನ 13 ಓಮ್ ನಷ್ಟವೂ ಸೇರಿ ಲೆಕ್ಕ 50ಕ್ಕೆ ಹತ್ತಿರವಾಯಿತು ಅಂತ ಮಾತ್ರ. ವರ್ಟಿಕಲ್ಲಿನಲ್ಲಿ ಸುಲಭವಾಗಿ 1.0 ಬಂದರೆ ನನಗೆ ಖುಷಿಗಿಂತ ಅನುಮಾನ ಜಾಸ್ತಿ.

20 ಮೀಟರಿನಲ್ಲಿ ಈ ವ್ಯತ್ಯಾಸ ಒಂದೂವರೆ ಡೆಸಿಬೆಲ್ ಒಳಗೇ. ಕಿವಿಗೆ ಸ್ವಲ್ಪ ಗೊತ್ತಾಗಬಹುದು, ಗೊತ್ತಾಗದೆಯೂ ಇರಬಹುದು. ಆದರೆ 40 ಮೀಟರಿಗೆ ಬಂದರೆ ಇದೇ ವಿಷಯ ಆಂಟೆನಾ ಕೆಲಸ ಮಾಡುವುದಕ್ಕೂ ಮಾಡದೇ ಇರುವುದಕ್ಕೂ ಇರುವ ವ್ಯತ್ಯಾಸ. ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

7.1ಕ್ಕೆ ಕಾಲು ತರಂಗ 10 ಮೀಟರ್. ನಿಮ್ಮ ತಂತಿ ಅದರ ಅರ್ಧ. ಉಳಿದದ್ದನ್ನು ಬುಡದಲ್ಲಿ ಒಂದು ಕಾಯಿಲ್ ಹಾಕಿ ಸರಿದೂಗಿಸಬೇಕು, ಸುಮಾರು 12 ಮೈಕ್ರೋಹೆನ್ರಿ. 50 ಎಂಎಂ ಹೊರ ಅಳತೆಯ ಪಿವಿಸಿ ಪೈಪ್ ತುಂಡು ತೆಗೆದುಕೊಂಡು 1 ಎಂಎಂ ದಪ್ಪದ ಎನಾಮಲ್ ತಂತಿಯನ್ನು ಇಪ್ಪತ್ತೆರಡು ಸುತ್ತು ಹಾಕಿ. ಸುತ್ತಿನಿಂದ ಸುತ್ತಿಗೆ ಎರಡೂವರೆ ಎಂಎಂ ಬರಲಿ. ತಂತಿಯ ಜೊತೆಗೇ ಒಂದೂವರೆ ಎಂಎಂ ದಪ್ಪದ ನೈಲಾನ್ ದಾರ ಸೇರಿಸಿ ಸುತ್ತಿ, ಆಮೇಲೆ ದಾರ ಬಿಚ್ಚಿದರೆ ಅಂತರ ತಾನಾಗಿ ಸಮ ಇರುತ್ತದೆ. ನಿಮಗೆ ಬೇಕಾಗುವುದು ಸುಮಾರು ಹದಿನೆಂಟು ಸುತ್ತು, ಉಳಿದದ್ದು ಹೊಂದಿಸಿಕೊಳ್ಳಲು. ಮೋಟಾರ್ ರಿವೈಂಡಿಂಗ್ ಮಾಡುವವರ ಹತ್ತಿರ ಈ ತಂತಿ ತೂಕದ ಲೆಕ್ಕದಲ್ಲಿ ಸಿಗುತ್ತದೆ. ಮಂಡ್ಯದಲ್ಲಿ ಪಂಪ್‌ಸೆಟ್ ರಿಪೇರಿ ಅಂಗಡಿಗೆ ಬರವಿಲ್ಲ, ಒಂದು ತುಂಡು ಕೇಳಿದರೆ ಕೊಡುತ್ತಾರೆ.

ಈಗ ಲೆಕ್ಕ ನೋಡಿ. ಹೀಗೆ ಗಿಡ್ಡವಾದ ತಂತಿ 40 ಮೀಟರಿನಲ್ಲಿ ಆಕಾಶಕ್ಕೆ ಕೊಡುವುದು 36 ಓಮ್ ಅಲ್ಲ, ಬರೀ 6 ಓಮ್ ಆಸುಪಾಸು. ಕಾಯಿಲಿನಲ್ಲಿ 3 ಓಮ್ ಹೋಗುತ್ತದೆ ಅನ್ನಿ. ನಾಲ್ಕೇ ರೇಡಿಯಲ್ ಇದ್ದು ಮಣ್ಣಿನ ನಷ್ಟ ಆಗಿನ ಹಾಗೆ 22 ಓಮ್ ಇದ್ದರೆ ಒಟ್ಟು 31ರಲ್ಲಿ 6, ಅಂದರೆ 20 ವ್ಯಾಟಿನಲ್ಲಿ ನಾಲ್ಕು ವ್ಯಾಟೂ ಹೊರಡುವುದಿಲ್ಲ. ಮಣ್ಣಿನ ನಷ್ಟ 6 ಓಮಿಗೆ ಇಳಿದರೆ 15ರಲ್ಲಿ 6. ಎಂಟು ವ್ಯಾಟ್. ಕೋಲು ಅದೇ, ಕಾಯಿಲ್ ಅದೇ, ನೆಲದ ತಂತಿಯಿಂದಲೇ ಎರಡರಷ್ಟು. ಬ್ಯಾಂಡ್ ಬದಲಾದಾಗ ಮಣ್ಣಿನ ಅಂಕಿ ಸ್ವಲ್ಪ ಬದಲಾಗುತ್ತದೆ, ಆದರೆ ಕಥೆ ಇದೇ. 40 ಮೀಟರ್ ಮಾಡುವ ದಿನ ಇನ್ನೆರಡು ಕಟ್ಟು ಜೊತೆಗೆ ಒಯ್ಯಿರಿ. ಸಾಧ್ಯವಾದರೆ ಅವು 7–8 ಮೀಟರ್ ಉದ್ದ ಇರಲಿ.

ಇಲ್ಲಿ ಎಸ್‌ಡಬ್ಲ್ಯುಆರ್ 3ರ ಹತ್ತಿರ ಬರುತ್ತದೆ. ಅದು ತಪ್ಪಲ್ಲ. ಈ ಕೆಲಸಕ್ಕೇ ಜಿ90ಯ ಟ್ಯೂನರ್ ಇರುವುದು, ಒತ್ತಿ ಹೊಂದಿಸಿಕೊಳ್ಳಿ. 10 ಮೀಟರ್ ಆರ್‌ಜಿ 58ರಲ್ಲಿ 7 ಮೆಗಾಹರ್ಟ್ಸಿಗೆ ಆಗುವ ನಷ್ಟ ಲೆಕ್ಕಕ್ಕೆ ಬರುವಷ್ಟಿಲ್ಲ.

ಹಗಲು ಹೊತ್ತು 40 ಮೀಟರಿನಲ್ಲಿ ಬೆಂಗಳೂರಿನವರು ಬೇಕಾದರೆ ಮಾತ್ರ ಇದನ್ನು ಬಿಟ್ಟು ಮಾವಿನ ಮರಕ್ಕೆ ಹೋಗಿ, ಶ್ರೀರಂಗಪಟ್ಟಣದವರು ಹೇಳಿದ್ದೇ ಸರಿ. ಕತ್ತಲಾದ ಮೇಲೆ ದೂರದವರಿಗೆ ಈ ಕಾಯಿಲ್ ಬಳಸಿ.

ಟ್ಯಾಪ್ (ಕಾಯಿಲಿಗೆ ತಂತಿ ಸೇರುವ ಜಾಗ) ಎಲ್ಲಿ ಹಾಕಬೇಕು ಅಂತ ಹುಡುಕುವಾಗ ಮೊಸಳೆ ಕ್ಲಿಪ್ ಸಾಕು. ಎನಾಮಲ್ ಕೆರೆಯುವುದು ಕ್ಲಿಪ್ ಕೂರುವ ಜಾಗದಲ್ಲಿ ಮಾತ್ರ, ಪಕ್ಕದ ಸುತ್ತಿಗೆ ತಾಗದ ಹಾಗೆ. 7.1ಕ್ಕೆ ಸರಿಯಾದ ಸುತ್ತು ಸಿಕ್ಕ ಮೇಲೆ ಅಲ್ಲಿ ಉಗುರು ಬಣ್ಣದಿಂದ ಒಂದು ಚುಕ್ಕೆ ಇಡಿ. ನೀರು ಕಟ್ಟಿದ ಗದ್ದೆ ಪಕ್ಕದಲ್ಲಿ ನಿಲ್ಲಿಸಿದ ದಿನ ಅದು ಅರ್ಧ ಸುತ್ತು ಆಚೀಚೆ ಹೋಗಬಹುದು. ಅದಕ್ಕೆ ಚುಕ್ಕೆಯ ಎರಡು ಪಕ್ಕದ ಸುತ್ತುಗಳನ್ನೂ ಮೊದಲೇ ಕೆರೆದಿಟ್ಟುಕೊಳ್ಳಿ.

73.